ರಾಷ್ಟ್ರ-ರಾಷ್ಟ್ರಗಳ ನಡುವಿನ ಮುಯ್ಯಿ

ಬೇಸಿಗೆಯ ದಿನಗಳಲ್ಲಿ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳ ಕಡೆಯ ಹಳ್ಳಿಗಳಲ್ಲಿ ಒಮ್ಮೊಮ್ಮೆ ಯಾರಾದರೊಬ್ಬ ರೈತನ ಬಣವಿಗೆ ಬೆಂಕಿ ಬೀಳುವದುಂಟು. ಆಗ ಊರಿಗೆ ಊರೇ ಕೊಡ ಹಿಡಿದು ಓಡಿಬರುತ್ತದೆ. ಬೆಂಕಿಯೇನೋ ಆರುತ್ತದೆ, ಆದರೆ ವರ್ಷದ ಮೇವು ಬೂದಿಯಾಗಿರುತ್ತದೆ. ಮರುದಿನ ಮುಂಜಾನೆ ಒಬ್ಬನು ಒಂದು ಚಕ್ಕಡಿ ಕಣಿಕೆ ತಂದು ಇಳಿಸುತ್ತಾನೆ. ಇನ್ನೊಬ್ಬನು ಶೇಂಗಾದ ಹೊಟ್ಟು ಕಳಿಸುತ್ತಾನೆ. ಕೊಡುವಾಗ ಯಾರೂ ಲೆಕ್ಕ ಬರೆದಿಡುವದಿಲ್ಲ; ಆದರೆ ಯಾರೂ ಮರೆಯುವದೂ ಇಲ್ಲ. ಮುಂದೆ ಕೊಟ್ಟವನ ಮನೆಯಲ್ಲಿ ಮದುವೆಯೋ ಮರಣವೋ ಆದಾಗ ಪಡೆದವನು ತಾನಾಗಿಯೇ ಹೋಗಿ ನಿಲ್ಲುತ್ತಾನೆ. ಇದನ್ನು ನಮ್ಮ ಹಿರಿಯರು ಮುಯ್ಯಿ ಎಂದು ಕರೆದರು. ಇದು ಸಾಲವಲ್ಲ, ಏಕೆಂದರೆ ಇದಕ್ಕೆ ಬಡ್ಡಿಯಿಲ್ಲ, ವಾಯಿದೆಯಿಲ್ಲ. ಭಿಕ್ಷೆಯೂ ಅಲ್ಲ, ಏಕೆಂದರೆ ಪಡೆದವನು ತಲೆ ತಗ್ಗಿಸಬೇಕಾಗಿಲ್ಲ. ಮೇವು ತಂದವರಲ್ಲಿ ನಿನ್ನೆ-ಮೊನ್ನೆಯವರೆಗೆ ಬದುವಿನ ಜಗಳಕ್ಕಾಗಿ ಕೋರ್ಟು-ಕಚೇರಿ ಅಲೆದ ಮಗ್ಗುಲ ಹೊಲದವನೂ ಇದ್ದರಂತೂ ಆ ಚಕ್ಕಡಿಯನ್ನು ಊರು ಬಹುಕಾಲ ನೆನೆಯುತ್ತದೆ.

ವ್ಯಕ್ತಿ-ವ್ಯಕ್ತಿಗಳ ನಡುವೆ ನಡೆಯುವ ಈ ವ್ಯವಹಾರವು ರಾಷ್ಟ್ರ-ರಾಷ್ಟ್ರಗಳ ನಡುವೆಯೂ ನಡೆಯಬಲ್ಲುದೆ? ಯುದ್ಧದಲ್ಲಿ ಸುಟ್ಟು ಬೂದಿಯಾದ ಒಂದು ದೇಶಕ್ಕೆ, ಅದರಲ್ಲಿಯೂ ನಿನ್ನೆಯವರೆಗೆ ವೈರಿಯಾಗಿದ್ದ ದೇಶಕ್ಕೆ, ಇನ್ನೊಂದು ದೇಶವು ಅದರ ಮಾನವನ್ನು ಕಾಯ್ದು ನೆರವಾಗಬಲ್ಲುದೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕಿಕೊಂಡು ನಾವು ಬಹಳ ದೂರ ಹೋಗಬೇಕಾಗಿಲ್ಲ. ಎರಡನೆಯ ಮಹಾಯುದ್ಧದ ನಂತರ ಸ್ವತಂತ್ರ ಭಾರತವು ಸೋತ ಜಪಾನದೊಡನೆ ನಡೆದುಕೊಂಡ ರೀತಿಯಲ್ಲಿಯೇ ಆ ಉತ್ತರವಿದೆ. ಅದರಲ್ಲಿ ನಮ್ಮ ಕನ್ನಡನಾಡಿನ ಪಾಲೂ ಸೇರಿದೆ.

ನೆರವಿನ ಮೂರು ಬಗೆ

ಯುದ್ಧದಿಂದ ಹಾಳಾದ ದೇಶಕ್ಕೆ ಬೇಕಾಗುವ ನೆರವನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಹೊಟ್ಟೆಗೆ ಬೇಕಾದದ್ದು: ಅನ್ನ, ಔಷಧಿ, ಬಟ್ಟೆ. ಎರಡನೆಯದು ಕೈಗೆ ಬೇಕಾದದ್ದು: ಹಣ, ಯಂತ್ರ, ಕಚ್ಚಾ ಮಾಲು. ಮೂರನೆಯದು ಮುಖಕ್ಕೆ ಬೇಕಾದದ್ದು, ಅಂದರೆ ನಾಲ್ಕು ಜನರ ನಡುವೆ ಮತ್ತೆ ಮುಖವೆತ್ತಿ ನಿಲ್ಲಲು ಬೇಕಾದ ಸ್ಥಾನ. ಒಂದು ದೇಶದ ಸಾರ್ವಭೌಮತ್ವವನ್ನು ಮನ್ನಿಸುವದು, ಅದರೊಡನೆ ಸಮಾನತೆಯ ಕೌಲು ಮಾಡಿಕೊಳ್ಳುವದು, ಅದರ ಮೇಲಿರುವ ಹಕ್ಕುಗಳನ್ನು ಬಿಟ್ಟುಕೊಡುವದು, ಅಂತರರಾಷ್ಟ್ರೀಯ ಸಭೆಗಳಲ್ಲಿ ಅದಕ್ಕೊಂದು ಆಸನ ದೊರಕಿಸಲು ಯತ್ನಿಸುವದು—ಇವೆಲ್ಲ ಈ ಮೂರನೆಯ ಬಗೆಗೆ ಸೇರಿವೆ. ಇದನ್ನೇ ರಾಜತಾಂತ್ರಿಕ ಬೆಂಬಲವೆಂದು ಕರೆಯುತ್ತಾರೆ.

ಮೊದಲಿನ ಎರಡು ಬಗೆಗಳು ಎಲ್ಲರಿಗೂ ಪರಿಚಿತವಾದವು. 1947ರ ಜೂನ್ 5ರಂದು ಅಮೇರಿಕೆಯ ವಿದೇಶಾಂಗ ಕಾರ್ಯದರ್ಶಿ ಜಾರ್ಜ್ ಮಾರ್ಶಲ್ ಅವರು ಸೂಚಿಸಿದ ಯೋಜನೆಯ ಮೂಲಕ 1948ರಿಂದ 1952ರ ವರೆಗೆ ಸುಮಾರು 1,300 ಕೋಟಿ ಡಾಲರುಗಳು ಪಶ್ಚಿಮ ಯುರೋಪಕ್ಕೆ ಹರಿದು ಬಂದವು. ನೆರವಿನ ಇನ್ನೊಂದು ಉದಾಹರಣೆಯಂತೂ ನಮ್ಮ ಮನೆಯ ಹಿರಿಯರಿಗೇ ಗೊತ್ತು. ಅವರು ಸಣ್ಣವರಿದ್ದಾಗ ಶಾಲೆಯಲ್ಲಿ ‘ಕೇರ್ ಉಪ್ಪಿಟ್ಟು’ ತಿಂದುದನ್ನು ಈಗಲೂ ನೆನೆಸುತ್ತಾರೆ. ಆ ಕೇರ್ ಸಂಸ್ಥೆಯು 1945ರಲ್ಲಿ ಅಮೇರಿಕೆಯಲ್ಲಿ ಹುಟ್ಟಿದ್ದು ಯುದ್ಧದಿಂದ ನೊಂದ ಯುರೋಪದ ಕುಟುಂಬಗಳಿಗೆ ಆಹಾರದ ಪೊಟ್ಟಣಗಳನ್ನು ಕಳಿಸುವದಕ್ಕಾಗಿ. ಯುರೋಪದ ಹಸಿವೆಗಾಗಿ ಹುಟ್ಟಿದ ಸಂಸ್ಥೆಯು ಮುಂದೆ ನಮ್ಮ ಹಳ್ಳಿಯ ಶಾಲೆಗಳ ಮಕ್ಕಳ ತಾಟಿನವರೆಗೂ ಬಂದಿತು.

ಆದರೆ ಅನ್ನದ ನೆರವಿನಲ್ಲಿಯೂ ಮಾನದ ಪ್ರಶ್ನೆ ಅಡಗಿರುತ್ತದೆ ಎಂಬುದನ್ನು ಭಾರತವು ಸ್ವಾನುಭವದಿಂದ ಅರಿತಿತ್ತು. 1950ರ ಡಿಸೆಂಬರದಲ್ಲಿ ನಮ್ಮ ಸರಕಾರವು ಅಮೇರಿಕೆಗೆ 20 ಲಕ್ಷ ಟನ್ನು ಧಾನ್ಯವನ್ನು ಕೇಳಿತು. ಅಲ್ಲಿಯ ಶಾಸನಸಭೆಯಲ್ಲಿ ತಿಂಗಳುಗಟ್ಟಲೆ ಚರ್ಚೆ ನಡೆಯಿತು. ಭಾರತದ ಪರರಾಷ್ಟ್ರ ಧೋರಣೆಯನ್ನು ಹಲವರು ಅಲ್ಲಿ ಹಳಿದರು. ಕೊನೆಗೆ 1951ರ ಜೂನದಲ್ಲಿ 19 ಕೋಟಿ ಡಾಲರುಗಳ ಸಾಲದ ರೂಪದಲ್ಲಿ ಅದು ಮಂಜೂರಾಯಿತು. ಧಾನ್ಯ ಬಂದಿತು, ಜೀವಗಳು ಉಳಿದವು. ಅದಕ್ಕೆ ನಾವು ಕೃತಜ್ಞರೇ. ಆದರೂ ಹಸಿದವನನ್ನು ಬಾಗಿಲಲ್ಲಿ ನಿಲ್ಲಿಸಿ ಅವನ ನಡತೆಯನ್ನು ವಿಚಾರಿಸಿದ ಬಳಿಕ ಕೊಟ್ಟ ಅನ್ನದ ರುಚಿಯೇ ಬೇರೆ. ಅದೇ ವರ್ಷಗಳಲ್ಲಿ ಭಾರತವು ಕೊಡುವ ಸ್ಥಾನದಲ್ಲಿ ನಿಂತು ಏನು ಮಾಡಿತೆಂಬುದನ್ನು ನೋಡುವಾಗ ಈ ಸಂಗತಿಯನ್ನು ನೆನಪಿನಲ್ಲಿಡಬೇಕು.

ಬೂದಿಯಾದ ಜಪಾನ

ಜಪಾನವು ನಮಗೆ ಮಿತ್ರನಾಗಿರಲಿಲ್ಲ. ಬ್ರಿಟಿಷ್ ಆಳ್ವಿಕೆಯಲ್ಲಿದ್ದ ಭಾರತವು ಆ ಯುದ್ಧದಲ್ಲಿ ಜಪಾನದ ಎದುರಾಳಿಯಾಗಿತ್ತು. 1942ರ ಫೆಬ್ರುವರಿಯಲ್ಲಿ ಸಿಂಗಾಪುರ ಬಿದ್ದಾಗ ಭಾರತೀಯ ಸೈನಿಕರು ಸಾವಿರಗಟ್ಟಲೆಯಾಗಿ ಸೆರೆ ಸಿಕ್ಕರು. ಬರ್ಮಾ ದೇಶವು ಜಪಾನದ ವಶವಾದ ಮೇಲೆ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು; 1943ರ ಬಂಗಾಲದ ಕ್ಷಾಮಕ್ಕೆ ಅದೂ ಒಂದು ಕಾರಣವಾಯಿತು. ಅಂಡಮಾನ ದ್ವೀಪಗಳು 1942ರಿಂದ 1945ರ ವರೆಗೆ ಜಪಾನೀ ಸೈನ್ಯದ ಕೈಯಲ್ಲಿದ್ದವು. ಅಲ್ಲಿ ಗೂಢಚಾರರೆಂಬ ಆರೋಪ ಹೊರಿಸಿ 1944ರ ಜನೆವರಿ 30ರಂದು ಒಂದೇ ದಿನ 44 ಜನ ಭಾರತೀಯರನ್ನು ಗುಂಡಿಕ್ಕಿ ಕೊಂದರು. 1944ರ ಮಾರ್ಚದಲ್ಲಿ ಮಣಿಪುರದ ಸಂಗ್ಶಾಕ್ ಎಂಬಲ್ಲಿ ಜಪಾನೀ ಪಡೆಗಳನ್ನು ತಡೆದು ನಿಂತವರಲ್ಲಿ ಮರಾಠಾ ಲಘು ಪದಾತಿ ದಳದ ಒಂದು ಬೆಟಾಲಿಯನ್ ಸೇರಿತ್ತು. ಆ ದಳದ ಕೇಂದ್ರವು ನಮ್ಮ ಬೆಳಗಾವಿಯಲ್ಲಿದೆ ಎಂಬುದು ಎಲ್ಲರಿಗೂ ಗೊತ್ತಿದ್ದ ವಿಷಯ.

ಯುದ್ಧದ ಕೊನೆಗೆ ಜಪಾನದ ಸ್ಥಿತಿ ಹೇಗಿತ್ತು? 1945ರ ಮಾರ್ಚ್ 9-10ರ ಒಂದೇ ರಾತ್ರಿಯ ಬೆಂಕಿಬಾಂಬುಗಳಿಗೆ ಟೋಕಿಯೋ ನಗರದಲ್ಲಿ ಸುಮಾರು ಒಂದು ಲಕ್ಷ ಜನರು ಸತ್ತರು. ಆಗಸ್ಟ 6ರಂದು ಹಿರೋಶಿಮಾದ ಮೇಲೂ 9ರಂದು ನಾಗಾಸಾಕಿಯ ಮೇಲೂ ಅಣುಬಾಂಬು ಬಿದ್ದವು. ಶರಣಾದ ಜಪಾನವನ್ನು ಮಿತ್ರರಾಷ್ಟ್ರಗಳ ಹೆಸರಿನಲ್ಲಿ ಅಮೇರಿಕೆಯ ಸೈನ್ಯವು 1952ರ ಏಪ್ರಿಲ 28ರ ವರೆಗೆ ಆಳಿತು. ಈ ಅವಧಿಯಲ್ಲಿ ಜಪಾನಕ್ಕೆ ಸ್ವಂತದ ಪರರಾಷ್ಟ್ರ ನೀತಿಯೇ ಇರಲಿಲ್ಲ. 1948ರ ಲಂಡನ್ ಒಲಿಂಪಿಕ್ ಕ್ರೀಡೆಗಳಿಗೂ ಅದಕ್ಕೆ ಆಮಂತ್ರಣ ಹೋಗಲಿಲ್ಲ. ಹೊಟ್ಟೆಗೂ ಕೈಗೂ ಅಮೇರಿಕೆಯಿಂದ ಬಹಳಷ್ಟು ಬರುತ್ತಿತ್ತು. ಬಾರದೇ ಇದ್ದುದು ಮುಖಕ್ಕೆ ಬೇಕಾದ ನೆರವು.

ಈ ಕಾಲದಲ್ಲಿ ಟೋಕಿಯೋದಲ್ಲಿದ್ದ ಭಾರತದ ಸಂಪರ್ಕ ನಿಯೋಗದ ಮುಖ್ಯಸ್ಥರಾಗಿ 1947ರಲ್ಲಿ ಹೋದವರು ಬೆನಗಲ್ ರಾಮರಾಯರು. ಮಂಗಳೂರ ಕಡೆಯ ಪ್ರಸಿದ್ಧ ಬೆನಗಲ್ ಮನೆತನದ ಇವರು ಮುಂದೆ 1949ರಿಂದ 1957ರ ವರೆಗೆ ರಿಜರ್ವ್ ಬ್ಯಾಂಕಿನ ಗವರ್ನರರಾಗಿದ್ದರು. ಇವರ ಅಣ್ಣನೇ ನಮ್ಮ ಸಂವಿಧಾನದ ರಚನೆಯಲ್ಲಿ ಸಲಹೆಗಾರರಾಗಿದ್ದ ಬಿ. ಎನ್. ರಾಯರು. ಹೀಗೆ ಸ್ವತಂತ್ರ ಭಾರತವು ಸೋತ ಜಪಾನವನ್ನು ಮೊದಲು ಕಂಡದ್ದು ಕನ್ನಡನಾಡಿನ ಕರಾವಳಿಯ ಒಬ್ಬ ಹಿರಿಯರ ಕಣ್ಣಿನಿಂದ ಎಂದರೆ ತಪ್ಪಾಗಲಾರದು.

ಮೈಸೂರಿನ ಆನೆ

ಟೋಕಿಯೋದ ಉಯೆನೊ ಎಂಬ ಭಾಗದಲ್ಲಿ 1882ರಲ್ಲಿ ಸ್ಥಾಪನೆಯಾದ ಪ್ರಾಣಿಸಂಗ್ರಹಾಲಯವಿದೆ. 1943ರಲ್ಲಿ, ಬಾಂಬು ಬಿದ್ದರೆ ಕಾಡುಪ್ರಾಣಿಗಳು ತಪ್ಪಿಸಿಕೊಂಡಾವೆಂಬ ಕಾರಣ ಹೇಳಿ ಅವುಗಳನ್ನು ಕೊಲ್ಲಬೇಕೆಂದು ಅಪ್ಪಣೆಯಾಯಿತು. ಅಲ್ಲಿದ್ದ ಮೂರು ಆನೆಗಳಿಗೆ ಮೇವು-ನೀರು ನಿಲ್ಲಿಸಿದರು. ಆಗಸ್ಟ-ಸಪ್ಟೆಂಬರ ತಿಂಗಳುಗಳಲ್ಲಿ ಅವು ಒಂದೊಂದಾಗಿ ಹಸಿದು ಸತ್ತವು. ಯುದ್ಧ ಮುಗಿದ ಮೇಲೆ ಅಲ್ಲಿಗೆ ಬರುವ ಮಕ್ಕಳಿಗೆ ಆನೆಯಿರಲಿಲ್ಲ. ಜಪಾನದಲ್ಲಿ ಬದುಕಿ ಉಳಿದಿದ್ದ ಎರಡು ಆನೆಗಳು ನಾಗೋಯಾ ನಗರದಲ್ಲಿದ್ದವು. ಅವನ್ನು ತೋರಿಸಲು 1949ರಲ್ಲಿ ಮಕ್ಕಳಿಗಾಗಿ ಪ್ರತ್ಯೇಕ ರೈಲುಗಳನ್ನೇ ಓಡಿಸಿದರು. ಅದೇ ವರ್ಷ ಟೋಕಿಯೋದ ಮಕ್ಕಳು ನೂರಾರು ಪತ್ರಗಳನ್ನು ಬರೆದು ತಮಗೊಂದು ಆನೆ ಬೇಕೆಂದು ಭಾರತದ ಪ್ರಧಾನಿ ಜವಾಹರಲಾಲ ನೆಹರೂ ಅವರನ್ನು ಕೇಳಿದರು.

ನೆಹರೂ ಅವರು ಒಪ್ಪಿದರು. ಆರಿಸಿದ ಆನೆಯು ಮೈಸೂರು ಸೀಮೆಯದು, ಸುಮಾರು 15 ವರ್ಷದ ಹೆಣ್ಣಾನೆ. ತಮ್ಮ ಮಗಳ ಹೆಸರನ್ನೇ ಇಟ್ಟು ಅದನ್ನು ‘ಇಂದಿರಾ’ ಎಂದು ಕರೆದರು. 1949ರ ಸಪ್ಟೆಂಬರದಲ್ಲಿ ಹಡಗಿನಿಂದ ಇಳಿದ ಇಂದಿರಾ ಬಂದರಿನಿಂದ ಉಯೆನೊದವರೆಗೆ ರಾತ್ರಿಯ ಹೊತ್ತು ನಡೆದುಕೊಂಡೇ ಹೋದಳು. ಅವಳಿಗೆ ತಿಳಿಯುತ್ತಿದ್ದುದು ಜೊತೆಗೆ ಹೋದ ಮಾವುತರ ಅಪ್ಪಣೆಯ ಮಾತುಗಳು ಮಾತ್ರ. ಆದುದರಿಂದ ಉಯೆನೊದ ಜಪಾನೀ ಪಾಲಕರು ಆ ಮಾವುತರ ಹತ್ತಿರ ಪಾಠಕ್ಕೆ ಕುಳಿತು ಆ ಮಾತುಗಳನ್ನು ಕಲಿಯಬೇಕಾಯಿತು. ನಿಲ್ಲು, ನಡೆ, ಕೂಡು ಎಂಬ ಸಣ್ಣ ಅಪ್ಪಣೆಗಳಿಗಾಗಿ ಟೋಕಿಯೋದವರು ಮೈಸೂರಿನವರ ಶಿಷ್ಯರಾದರು.

ಅಕ್ಟೋಬರ 1ರಂದು ಆನೆಯನ್ನು ವಿಧಿಪೂರ್ವಕ ಒಪ್ಪಿಸಲಾಯಿತು. ಜಪಾನದ ಪ್ರಧಾನಿ ಯೋಶಿದಾ ಅವರು ಆ ಸಮಾರಂಭಕ್ಕೆ ಬಂದಿದ್ದರು. ನೆಹರೂ ಅವರು ಮಕ್ಕಳಿಗೊಂದು ಪತ್ರವನ್ನು ಬರೆದಿದ್ದರು. ಇದನ್ನು ತಮ್ಮ ಕಾಣಿಕೆಯೆಂದು ತಿಳಿಯದೆ ಭಾರತದ ಮಕ್ಕಳು ಜಪಾನದ ಮಕ್ಕಳಿಗೆ ಕೊಟ್ಟುದೆಂದು ತಿಳಿಯಬೇಕೆಂಬುದು ಆ ಪತ್ರದ ಸಾರ. ಇಲ್ಲಿಯೇ ಈ ಕಾಣಿಕೆಯ ರಾಜನೀತಿಯೂ ಅಡಗಿದೆ. ಸರಕಾರಕ್ಕೆ ಸರಕಾರವು ಕೊಟ್ಟಿದ್ದರೆ ಗೆದ್ದವರು ಯಾರು, ಸೋತವರು ಯಾರು ಎಂಬ ಮಾತು ಬರುತ್ತಿತ್ತು. ಯುದ್ಧ ಮಾಡಿದವರು ಮಕ್ಕಳಲ್ಲ; ಆದುದರಿಂದ ಮಕ್ಕಳ ನಡುವೆ ಸೋಲು-ಗೆಲುವಿನ ಮಾತಿಲ್ಲ. ಜಪಾನವು ಇನ್ನೂ ಪರರ ಆಳ್ವಿಕೆಯಲ್ಲಿದ್ದಾಗ, ಅದರೊಡನೆ ಕೌಲು ಮಾಡಿಕೊಳ್ಳಲು ಕಾನೂನಿನ ದಾರಿಯೇ ಇಲ್ಲದಿದ್ದಾಗ, ಈ ಸಮಾನತೆಯ ಮಾತನ್ನು ಹೇಳಲು ಒಂದು ಆನೆ ಬೇಕಾಯಿತು. 1950ರಲ್ಲಿ ಇಂದಿರಾ ಜಪಾನದ ಹಲವು ಊರುಗಳಿಗೆ ಸಂಚಾರ ಹೋದಳು. ಸುಟ್ಟ ಊರುಗಳ ಮಕ್ಕಳು ಅವಳನ್ನು ಕಂಡರು.

ಆಗ ನಮ್ಮ ಸ್ಥಿತಿಯೂ ಸಂಪನ್ನವಾಗಿರಲಿಲ್ಲ. ವಿಭಜನೆಯ ನಿರಾಶ್ರಿತರ ಪ್ರಶ್ನೆ ಬಗೆಹರಿದಿರಲಿಲ್ಲ, ಕಾಳಿಗೆ ಪಡಿತರವಿತ್ತು, ಬಟ್ಟೆಗೂ ನೂಲಿಗೂ ನಿಯಂತ್ರಣವಿತ್ತು. ಅದರ ಬಿಸಿ ಬೆಟಗೇರಿಯಂಥ ನೇಕಾರರ ಊರುಗಳಿಗೆ ತಟ್ಟದೆ ಇರಲಿಲ್ಲ. ಗದಗ-ಬೆಟಗೇರಿಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಸಾಂಗಲಿ ಸಂಸ್ಥಾನದ ಶಿರಹಟ್ಟಿಯೂ ಮಿರಜ ಸಂಸ್ಥಾನದ ಲಕ್ಷ್ಮೇಶ್ವರವೂ 1948ರಲ್ಲಿ ಆ ಪ್ರಾಂತಕ್ಕೆ ಹೊಸದಾಗಿ ಕೂಡಿದ್ದವು. ಮೈಸೂರಿನವರೊಡನೆ ನಾವು ಒಂದೇ ರಾಜ್ಯದವರಾಗಲು 1956ರ ನವೆಂಬರ 1ರ ವರೆಗೆ ಕಾಯಬೇಕಾಯಿತು. ಕನ್ನಡಿಗರೇ ಇನ್ನೂ ಒಂದಾಗಿರದ ಕಾಲದಲ್ಲಿ ಕನ್ನಡನಾಡಿನ ಆನೆಯೊಂದು ಸಮುದ್ರ ದಾಟಿ ಎರಡು ರಾಷ್ಟ್ರಗಳನ್ನು ಕೂಡಿಸಿತೆಂಬುದು ಗಮನಿಸತಕ್ಕ ಸಂಗತಿ.

ಬಿಟ್ಟುಕೊಟ್ಟ ಯುದ್ಧದಂಡ

ಆನೆಯು ಸ್ನೇಹದ ಕುರುಹು. ಆದರೆ ಕುರುಹಿನ ಹಿಂದೆ ಕೃತಿಯಿಲ್ಲದಿದ್ದರೆ ಅದು ಬರಿಯ ಮೆರವಣಿಗೆಯಾಗುತ್ತದೆ. ಭಾರತದ ಕೃತಿ ಮೂರು ಕಡೆಗಳಲ್ಲಿ ಕಂಡುಬಂದಿತು.

ಮೊದಲನೆಯದು ಕ್ರೀಡೆ. 1951ರ ಮಾರ್ಚದಲ್ಲಿ ದಿಲ್ಲಿಯಲ್ಲಿ ಮೊದಲನೆಯ ಏಶಿಯನ್ ಕ್ರೀಡೆಗಳು ನಡೆದವು. ಲಂಡನ್ನಿನಲ್ಲಿ ಬಾಗಿಲು ಮುಚ್ಚಿದ್ದ ಜಪಾನವು ದಿಲ್ಲಿಯಲ್ಲಿ ಉಳಿದವರೊಡನೆ ಸಮವಾಗಿ ಸಾಲಿನಲ್ಲಿ ನಡೆಯಿತು.

ಎರಡನೆಯದು ಕೌಲು. 1951ರ ಸಪ್ಟೆಂಬರ 8ರಂದು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ 48 ರಾಷ್ಟ್ರಗಳು ಜಪಾನದೊಡನೆ ಶಾಂತಿಕೌಲಿಗೆ ರುಜು ಹಾಕಿದವು. ಭಾರತವು ಆ ಪರಿಷತ್ತಿಗೆ ಹೋಗಲಿಲ್ಲ. ಜಪಾನದ ಕೆಲವು ದ್ವೀಪಗಳನ್ನು ಅಮೇರಿಕೆಯ ಕೈಯಲ್ಲಿಡುವದು, ವಿದೇಶೀ ಸೈನ್ಯವು ಅಲ್ಲಿಯೇ ಉಳಿಯುವಂತೆ ಏರ್ಪಾಡು ಮಾಡುವದು ಮುಂತಾದವು ಸ್ವತಂತ್ರ ದೇಶದ ಗೌರವಕ್ಕೆ ಒಪ್ಪುವವಲ್ಲವೆಂಬುದು ಭಾರತದ ಒಂದು ಆಕ್ಷೇಪಣೆಯಾಗಿತ್ತು. ತೈವಾನದ ವಿಷಯದಲ್ಲಿಯೂ ಅದಕ್ಕೆ ಭಿನ್ನಾಭಿಪ್ರಾಯವಿತ್ತು. ಬದಲಾಗಿ 1952ರ ಜೂನ್ 9ರಂದು ಟೋಕಿಯೋದಲ್ಲಿ ಭಾರತ-ಜಪಾನಗಳು ಪ್ರತ್ಯೇಕವಾದ ಶಾಂತಿಕೌಲನ್ನು ಮಾಡಿಕೊಂಡವು. ಅದರಲ್ಲಿ ಭಾರತವು ಜಪಾನದಿಂದ ತನಗೆ ಬರಬೇಕಾದ ಎಲ್ಲ ಯುದ್ಧದಂಡವನ್ನು ಬಿಟ್ಟುಕೊಟ್ಟಿತು. ಭಾರತದಲ್ಲಿದ್ದ ಜಪಾನೀಯರ ಆಸ್ತಿಪಾಸ್ತಿಗಳನ್ನು ಮರಳಿಸಲೂ ಒಪ್ಪಿತು.

ಈ ತ್ಯಾಗದ ಬೆಲೆಯೆಷ್ಟು? ಇದನ್ನು ನೆರೆಯ ದೇಶಗಳ ಲೆಕ್ಕದಿಂದ ಊಹಿಸಬಹುದು. 1954ರ ಒಪ್ಪಂದದಂತೆ ಬರ್ಮಾ ದೇಶಕ್ಕೆ 20 ಕೋಟಿ ಡಾಲರುಗಳ ಪರಿಹಾರವೂ 1956ರ ಒಪ್ಪಂದದಂತೆ ಫಿಲಿಪೈನ್ಸ್‌ಗೆ 55 ಕೋಟಿ ಡಾಲರುಗಳ ಪರಿಹಾರವೂ ಗೊತ್ತಾದವು. ಆ ದೇಶಗಳ ನೆಲವೇ ರಣಾಂಗಣವಾಗಿತ್ತು. ಅವರು ಕೇಳಿದ್ದು ನ್ಯಾಯವೇ. ಭಾರತಕ್ಕೂ ಕೇಳುವ ಹಕ್ಕಿತ್ತು. ಕೇಳದೆ ಇದ್ದುದರ ಹಿಂದೆ ಇತಿಹಾಸದ ಒಂದು ಪಾಠವಿತ್ತು. ಮೊದಲನೆಯ ಮಹಾಯುದ್ಧದ ತರುವಾಯ ಸೋತ ಜರ್ಮನಿಯ ಮೇಲೆ 1921ರಲ್ಲಿ 13,200 ಕೋಟಿ ಚಿನ್ನದ ಮಾರ್ಕುಗಳ ದಂಡವನ್ನು ಹೇರಿದರು. ಆ ಹೊರೆಯೂ ಅದರೊಡನೆ ಬಂದ ಅವಮಾನವೂ ಅಲ್ಲಿಯ ಜನರ ಮನಸ್ಸಿನಲ್ಲಿ ಹೊಗೆಯಾಡುತ್ತ ಉಳಿದವು. ಹಿಟ್ಲರನು ಆ ಹೊಗೆಯನ್ನು ಊದಿ ಬೆಂಕಿ ಮಾಡಿದನು. ಸೋತವನ ಕೈ ಹಿಂಡಿ ಪಡೆದ ಹಣವು ಗೆದ್ದವನ ಮನೆಯಲ್ಲಿ ಬಹಳ ದಿನ ಉಳಿಯಲಿಲ್ಲ.

ಮೂರನೆಯದು ಆಸನ. 1955ರ ಏಪ್ರಿಲದಲ್ಲಿ ಇಂಡೋನೇಶಿಯಾದ ಬಾಂಡುಂಗದಲ್ಲಿ ನಡೆದ ಏಶಿಯಾ-ಆಫ್ರಿಕಾ ಪರಿಷತ್ತಿಗೆ ಆಮಂತ್ರಣ ಕೊಟ್ಟ ಐದು ರಾಷ್ಟ್ರಗಳಲ್ಲಿ ಭಾರತವೂ ಒಂದಾಗಿತ್ತು. ಅಲ್ಲಿ ಕೂಡಿದ 29 ರಾಷ್ಟ್ರಗಳ ನಡುವೆ ಜಪಾನವೂ ಕುಳಿತಿತು. 1956ರ ಡಿಸೆಂಬರ 18ರಂದು ಜಪಾನವು ವಿಶ್ವಸಂಸ್ಥೆಯ 80ನೆಯ ಸದಸ್ಯನಾಯಿತು. ಅಲ್ಲಿಗೆ ಸೋತ ರಾಷ್ಟ್ರದ ಪಟ್ಟ ಕಳಚಿತೆಂದು ಹೇಳಬಹುದು.

ಮುಯ್ಯಿ ಮರಳಿದ ಬಗೆ

1957ರ ಮೇ ತಿಂಗಳಲ್ಲಿ ಜಪಾನದ ಪ್ರಧಾನಿ ಕಿಶಿ ಅವರು ಭಾರತಕ್ಕೆ ಬಂದರು. ಅದೇ ವರ್ಷದ ಅಕ್ಟೋಬರದಲ್ಲಿ ನೆಹರೂ ಅವರು ಜಪಾನಕ್ಕೆ ಹೋದರು. ಹೋದವರು ಉಯೆನೊಕ್ಕೂ ಹೋಗಿ, ಮಗಳು ಇಂದಿರೆಯೊಡನೆ ಆನೆ ಇಂದಿರೆಯನ್ನು ಕಂಡುಬಂದರು. ಮರುವರ್ಷ 1958ರಲ್ಲಿ ಜಪಾನವು ಭಾರತಕ್ಕೆ 1,800 ಕೋಟಿ ಯೆನ್ನುಗಳ, ಅಂದರೆ ಆಗಿನ ದರದಲ್ಲಿ 5 ಕೋಟಿ ಡಾಲರುಗಳ ಸಾಲವನ್ನು ಕೊಡಲು ಒಪ್ಪಿತು. ನಮ್ಮ ಎರಡನೆಯ ಪಂಚವಾರ್ಷಿಕ ಯೋಜನೆಯು ವಿದೇಶೀ ವಿನಿಮಯದ ಕೊರತೆಯಿಂದ ತೊಂದರೆಗೆ ಸಿಕ್ಕಿದ್ದ ಹೊತ್ತದು. ಜಪಾನವು ಯಾವುದೇ ದೇಶಕ್ಕೆ ಕೊಟ್ಟ ಯೆನ್ ಸಾಲಗಳಲ್ಲಿ ಇದೇ ಮೊದಲನೆಯದು. ಶರಣಾಗತಿಯ ನಂತರ ಹದಿಮೂರು ವರ್ಷಗಳಲ್ಲಿ ಪಡೆಯುವ ದೇಶವು ಕೊಡುವ ದೇಶವಾಯಿತು; ಮತ್ತು ಅದರ ಮೊದಲನೆಯ ಹೆಜ್ಜೆ ನಮ್ಮ ಮನೆಯ ಕಡೆಗೇ ಬಂದಿತು.

ಅಂದು ತೆರೆದ ಬಾಗಿಲು ಈಗಲೂ ಮುಚ್ಚಿಲ್ಲ. ಬೆಂಗಳೂರಿನ ಮೆಟ್ರೊ ರೈಲಿಗೆ ಜಪಾನದ ಸಾಲ ದೊರೆತಿದೆ. 2024ರ ಅಕ್ಟೋಬರದಲ್ಲಿ ಉದ್ಘಾಟನೆಯಾದ, ಬೆಂಗಳೂರಿಗೆ ದಿನಕ್ಕೆ 77.5 ಕೋಟಿ ಲೀಟರ ನೀರು ಒದಗಿಸುವ ಕಾವೇರಿ ಐದನೆಯ ಹಂತದ ಯೋಜನೆಗೂ ಜಪಾನದ ಸಾಲವೇ ಆಧಾರ. ನಮ್ಮೂರಿನಿಂದ ಓದಿಗೆ, ನೌಕರಿಗೆ ಬೆಂಗಳೂರಿಗೆ ಹೋದ ಹುಡುಗರು ಅಲ್ಲಿ ನಲ್ಲಿ ತಿರುವಿದಾಗ ಬೀಳುವ ನೀರಿನ ಹಿಂದೆ 1952ರ ಕೌಲಿನಿಂದ ಬೆಳೆದು ಬಂದ ಸ್ನೇಹದ ಪಾಲೂ ಇರಬಹುದು.

ಇನ್ನು ಆನೆಯ ಮಾತು. ಇಂದಿರಾ 34 ವರ್ಷ ಟೋಕಿಯೋದಲ್ಲಿ ಬಾಳಿ 1983ರ ಆಗಸ್ಟದಲ್ಲಿ ತೀರಿಕೊಂಡಳು. ಮುಂದಿನ ವರ್ಷ ಭಾರತವು ಎರಡು ಆನೆಗಳನ್ನು ಉಯೆನೊಕ್ಕೆ ಕಳಿಸಿತು. ಅವುಗಳ ಹೆಸರು ಆಶಾ ಮತ್ತು ದಯಾ.

ಕೆಲವು ಆಕ್ಷೇಪಗಳು

ಇಷ್ಟನ್ನು ಓದಿದ ಸಹೃದಯರ ಮನಸ್ಸಿನಲ್ಲಿ ಕೆಲವು ಶಂಕೆಗಳು ಏಳಬಹುದು. ಅವುಗಳನ್ನು ಮುಚ್ಚಿಡುವದು ಸರಿಯಲ್ಲ.

ಭಾರತದ ಔದಾರ್ಯದಲ್ಲಿ ಸ್ವಾರ್ಥವಿರಲಿಲ್ಲವೆ ಎಂದು ಕೇಳಬಹುದು. ಇತ್ತು. ಏಶಿಯಾ ಖಂಡದಲ್ಲಿ ಯಂತ್ರವಿದ್ಯೆ ಬಲ್ಲ ದೇಶವೆಂದರೆ ಜಪಾನ. ಅದರ ಗೆಳೆತನದಿಂದ ಲಾಭವುಂಟೆಂಬುದು ದಿಲ್ಲಿಗೆ ತಿಳಿದಿತ್ತು. ಜಪಾನದ ಉಕ್ಕಿನ ಕಾರಖಾನೆಗಳಿಗೆ ಅದಿರು ಬೇಕಾಗಿತ್ತು, ನಮ್ಮಲ್ಲಿ ಅದಿರಿತ್ತು. ಬಳ್ಳಾರಿ-ಹೊಸಪೇಟೆಗಳ ಕಬ್ಬಿಣದ ಅದಿರು ಹಲವು ದಶಕ ಜಪಾನಕ್ಕೆ ಹೋಯಿತು. ಹೊಸಪೇಟೆಯಿಂದ ಪಡುಗಡಲ ಬಂದರಿಗೆ ಹೋಗುವ ರೈಲುದಾರಿ ನಮ್ಮ ಗದಗ ಜಂಕ್ಶನ್ನನ್ನು ಹಾಯ್ದೇ ಹೋಗುತ್ತದೆ. ನಿಲ್ದಾಣದಲ್ಲಿ ನಿಂತು ಕೆಂಪು ಧೂಳು ಮೆತ್ತಿದ ಗೂಡ್ಸ್ ಡಬ್ಬಿಗಳನ್ನು ಎಣಿಸಿದವರು ನಮ್ಮಲ್ಲಿ ಯಾರಿಲ್ಲ? ಆದರೆ ಮುಯ್ಯಿಯಲ್ಲಿಯೂ ಮರಳಿ ಬಂದೀತೆಂಬ ನಂಬಿಕೆ ಇದ್ದೇ ಇರುತ್ತದೆ. ಸ್ವಾರ್ಥವಿರುವದು ದೋಷವಲ್ಲ; ಇನ್ನೊಬ್ಬನ ಕಷ್ಟವನ್ನೇ ತನ್ನ ಸ್ವಾರ್ಥದ ಹಿಡಿಕೆಯಾಗಿ ಮಾಡಿಕೊಳ್ಳುವದು ದೋಷ. ಹಾಗೆಯೇ ಜಪಾನದ್ದೂ ಸಾಲವೇ ಹೊರತು ದಾನವಲ್ಲ. ಅದನ್ನು ನಾವು ತೀರಿಸಲೇಬೇಕು ಎಂಬುದನ್ನೂ ಮರೆಯಬಾರದು.

ಎರಡನೆಯ ಆಕ್ಷೇಪವು ಇದಕ್ಕಿಂತ ತೂಕದ್ದು. ಅಂಡಮಾನದಲ್ಲಿ ಗುಂಡಿಗೆ ಬಲಿಯಾದ 44 ಜನರ ಮನೆಯವರಿದ್ದರು. ಯುದ್ಧದ ಸೆರೆಯಲ್ಲಿ ನವೆದು ಸತ್ತ ಸೈನಿಕರ ಹೆಂಡಿರು-ಮಕ್ಕಳಿದ್ದರು. ಅವರ ಪರವಾಗಿ ದಿಲ್ಲಿಯು ಹೇಗೆ ಕ್ಷಮಿಸಬಲ್ಲುದು? ಮಗ್ಗುಲ ಹೊಲದವನು ತನ್ನ ಬದುವಿನ ಜಗಳವನ್ನು ತಾನು ಬಿಡಬಹುದು. ಇನ್ನೊಬ್ಬನ ಜಗಳವನ್ನು ಬಿಡಲು ಅವನಾರು? ಈ ಪ್ರಶ್ನೆಗೆ ನನಗೆ ಪೂರ್ಣವಾದ ಸಮಾಧಾನ ತೋರುವದಿಲ್ಲ. ಸರಕಾರವು ಬಿಟ್ಟುಕೊಡಬಲ್ಲುದು ಹಣದ ಹಕ್ಕನ್ನು ಮಾತ್ರ. ನೊಂದವರ ನೆನಪನ್ನು ಬಿಟ್ಟುಕೊಡುವ ಅಧಿಕಾರ ಅದಕ್ಕಿಲ್ಲ. ಆದುದರಿಂದ ದಂಡವನ್ನು ಬಿಟ್ಟ ದೇಶವು ಆ ಹೆಸರುಗಳನ್ನು ಬಿಡಬಾರದು. ಜಪಾನದೊಡನೆ ಸ್ನೇಹದ ಮಾತನ್ನಾಡುವಾಗ ಅಂಡಮಾನವನ್ನು ಮರೆತರೆ ಆ ಸ್ನೇಹವು ಹಗುರಾಗುತ್ತದೆ. ನೆನೆದು ಆಡಿದರೆ ಅದಕ್ಕೆ ತೂಕ ಬರುತ್ತದೆ.

ಇಂದಿನ ಮಾತು

ಇಂದು ಭಾರತವೇ ದೊಡ್ಡ ದಾನಿಯ ಸ್ಥಾನದಲ್ಲಿ ನಿಂತಿದೆ. 2001ರ ನಂತರ ಆಫ್ಘಾನಿಸ್ತಾನದ ಪುನರ್ನಿರ್ಮಾಣಕ್ಕೆ ನಾವು ಬಹಳಷ್ಟು ಹಣವನ್ನೂ ದುಡಿಮೆಯನ್ನೂ ಹಾಕಿದೆವು. 2009ರಲ್ಲಿ 218 ಕಿಲೊಮೀಟರ ಉದ್ದದ ಜರಂಜ್-ದೆಲಾರಾಮ್ ರಸ್ತೆ, 2015ರಲ್ಲಿ ಕಾಬೂಲಿನ ಸಂಸತ್ ಭವನ, 2016ರಲ್ಲಿ ಹೆರಾತ ಪ್ರಾಂತದ ಸಲ್ಮಾ ಅಣೆಕಟ್ಟು—ಇವು ನಾವು ಕಟ್ಟಿಕೊಟ್ಟವುಗಳಲ್ಲಿ ಮುಖ್ಯವಾದವು. ಅಲ್ಲಿಯ ವಿದ್ಯಾರ್ಥಿಗಳು ನಮ್ಮ ವಿದ್ಯಾರ್ಥಿವೇತನದಿಂದ ಧಾರವಾಡ, ಮೈಸೂರುಗಳಿಗೂ ಬಂದು ಓದಿದರು. 2021ರ ಆಗಸ್ಟದಲ್ಲಿ ಕಾಬೂಲಿನ ಸರಕಾರ ಬಿದ್ದಿತು. ಸಂಸತ್ತು ಹೋಯಿತು, ಕಟ್ಟಡ ಉಳಿಯಿತು. ಆ ವಾರ ನಮ್ಮ ರಾಜ್ಯದ ವಸತಿಗೃಹಗಳಲ್ಲಿದ್ದ ಆಫ್ಘನ್ ಹುಡುಗರು ಮನೆಯ ಸುದ್ದಿಗಾಗಿ ಕಾತರಿಸುತ್ತ ಕುಳಿತಿದ್ದರು. ಕಟ್ಟಿದ್ದೆಲ್ಲ ವ್ಯರ್ಥವಾಯಿತೆ? ರಸ್ತೆಯಲ್ಲಿ ಜನ ನಡೆಯುತ್ತಾರೆ. ಅಣೆಕಟ್ಟಿನ ನೀರು ಹೊಲಕ್ಕೆ ಹೋಗುತ್ತದೆ. ಇಲ್ಲಿ ಓದಿದವನ ತಲೆಯಲ್ಲಿ ಓದು ಉಳಿಯುತ್ತದೆ. ಸರಕಾರಗಳಿಗೆ ಕೊಟ್ಟದ್ದು ಸರಕಾರಗಳೊಡನೆ ಹೋಗಬಹುದು. ಜನರಿಗೆ ಕೊಟ್ಟದ್ದು ಅಷ್ಟು ಸುಲಭವಾಗಿ ಹೋಗುವದಿಲ್ಲ. ಆನೆಯನ್ನು ಮಕ್ಕಳ ಹೆಸರಿನಲ್ಲಿ ಕೊಟ್ಟವರು ಈ ಮರ್ಮವನ್ನು ಅರಿತಿದ್ದರು.

ಕೊಡುವವನಾಗಿ ನಿಂತ ಭಾರತಕ್ಕೆ ಆ ಹಳೆಯ ವರ್ಷಗಳು ಹೇಳುವ ಮಾತು ಒಂದೇ. ನಾವು ಹಸಿದು ಬಾಗಿಲಲ್ಲಿ ನಿಂತಿದ್ದ ದಿನಗಳನ್ನು ನೆನೆದು ಕೊಡಬೇಕು. ಎಷ್ಟು ಕೊಟ್ಟೆವೆಂದು ಸಾರುತ್ತ ಹೋದರೆ ಪಡೆದವನಿಗೆ ಅದು ಹೊರೆ. ಪಡೆದವನು ನಾಳೆ ನಮಗೆ ಕೊಡಬಲ್ಲವನಾಗಲಿ ಎಂದು ಕೊಟ್ಟರೆ ಅದು ಮುಯ್ಯಿ.

ಈ ಪಾಠವು ದಿಲ್ಲಿಯ ಮಂತ್ರಿಗಳಿಗೆ ಮಾತ್ರ ಇರುವದೆಂದು ನಾವು ವಿದ್ಯಾರ್ಥಿಗಳು ತಿಳಿಯಬಾರದು. ನಮ್ಮೊಡನೆ ಓದುವವರಲ್ಲಿ ಮಳೆಯಿಲ್ಲದೆ ಬೆಳೆ ಹೋದ ಮನೆಯವರಿರುತ್ತಾರೆ. ಪರೀಕ್ಷೆಯ ಶುಲ್ಕಕ್ಕೆ ಹಣ ಹೊಂದಿಸಲಾರದವರಿರುತ್ತಾರೆ. ಅವರಿಗೆ ನಾಲ್ಕು ಜನರೆದುರು ಕೊಡುವ ನೂರು ರೂಪಾಯಿಗಿಂತ, ಅವರನ್ನು ಮಗ್ಗುಲಲ್ಲಿ ಕೂಡಿಸಿಕೊಂಡು ಹಂಚಿಕೊಂಡ ರೊಟ್ಟಿ ಹೆಚ್ಚಿನದು. ಬಣವಿ ಸುಟ್ಟವನ ಅಂಗಳದಲ್ಲಿ ಮುಂಜಾನೆ ಮೇವಿನ ಚಕ್ಕಡಿಯನ್ನು ಇಳಿಸಿ, ಮಾತಿಲ್ಲದೆ ಎತ್ತು ತಿರುಗಿಸಿಕೊಂಡು ಹೋಗುವ ಆ ಹಳ್ಳಿಯ ಒಕ್ಕಲಿಗನಿಗೆ ಈ ವಿದ್ಯೆ ಬಲ್ಲದು. ಕಾಲೇಜು ಕಲಿತ ನಾವು ಅದನ್ನು ಮರೆಯದಿದ್ದರೆ ಸಾಕು.